ಹುಬ್ಬು

ಪಾಂಡವಪುರದಾಚೆ, ಕಬ್ಬು ಕಟಾವಾದ ಹೊಲದಂಚಿಗೆ
ಹದಿನೇಳು ಬಂಡೆಗಳ ವೃತ್ತ.
ಅರ್ಧ ಮೀಟರಿಗೊಂದು ದಾರ ಎಳೆದು
ರೇಡಾರ್ ಗಾಡಿ ತಳ್ಳಿದೆ, ಕೂರಿಗೆ ಹಿಡಿದವಳ ಹಾಗೆ;
ಬಿತ್ತಲಿಲ್ಲ ಏನೂ.

ಪರದೆಯಲ್ಲಿ ಬೂದು ಗೆರೆ, ಬೂದು ಗೆರೆ,
ಆಮೇಲೆ ಒಂದು ಹುಬ್ಬು.
ಕಲ್ಲಾದರೂ ಹುಬ್ಬೇ, ಬೇರಾದರೂ ಹುಬ್ಬೇ,
ಪೈಪಾದರೂ.
ಅದರ ಕೆಳಗೆ, ನಾಲೆ ನೀರು ಕುಡಿದ ಎರೆಮಣ್ಣು
ಅಲೆಯನ್ನೂ ಕುಡಿದುಬಿಟ್ಟಿತ್ತು.

ಕೆಂಪು ಪೆನ್ಸಿಲಲ್ಲಿ ಬರೆದೆ: ಗೋರಿ. ಪೂರ್ವಕ್ಕೆ ಬಾಗಿಲು.

ಮೇಕೆ ಬಿಟ್ಟು ಬಂದ ಜವರಮ್ಮ ಬಗ್ಗಿ ನೋಡಿದರು.
“ಅಲ್ಲ ಕಣವ್ವ, ಅಲ್ಲಿ ನಮ್ಮ ಕರಿಯನ್ನ ಹೂತಿದ್ದು.
ಎಡಗಡೆ ಕಟ್ತಿದ್ದ ಎತ್ತು.
ಗುಂಡಿ ತೋಡ್ವಾಗ ಹಾರೆ ಠಣ್ ಅಂತು, ಚಪ್ಪಡಿ.
ಅದ್ರ ಮೇಲೇ ಮಲಗುಸ್ದೊ.”

ಯಂತ್ರ ಆಳ ಹೇಳುತ್ತದೆ, ವಯಸ್ಸು ಹೇಳುವುದಿಲ್ಲ.
ಬಾಗಿಲು ಅಳಿಸಿದೆ.
ಗೋರಿಯ ಮುಂದೊಂದು ಪ್ರಶ್ನೆಚಿಹ್ನೆ;
ಅದಕ್ಕೂ ಕೊಂಬಿನದೇ ಬಾಗು.