ಎರಡು ಹಿಡಿ

ಎಷ್ಟು ಟನ್ನಿನದು ಕೊಳ್ಳಲಿ, ಎಂದು ಕೇಳುತ್ತಾರೆ
ನನ್ನ ಶೆಡ್ಡಿನ ಬಾಗಿಲಲ್ಲಿ ಬೂಟಿನ ಹಿಮ ಕೊಡವುತ್ತ.
ಏಳೋ, ಹತ್ತೋ, ಹನ್ನೆರಡೋ?
ನಾನು ತಿರುಗಿ ಕೇಳುವುದು ಬೇರೆ:
ಯಾವ ಮರ? ಎಷ್ಟು ದಪ್ಪ?
ದಿಮ್ಮಿ ಎತ್ತಿಡುವವರು ಯಾರು?
ಬರ್ಚ್ ಆದರೆ ಹಬ್ಬ. ಚಳಿಗೆ ಸೆಟೆದ ಬರ್ಚ್
ಗದರಿದರೂ ಸಾಕು, ಸೀಳಿಕೊಳ್ಳುತ್ತದೆ.
ಸ್ಪ್ರೂಸಿನ ಗಂಟು ಮಾತ್ರ
ಹಳೇ ದಾಯಾದಿ. ಇಂಚೂ ಬಿಟ್ಟುಕೊಡುವುದಿಲ್ಲ.
ಕರೆಂಟಿನದು ಸಾಕು ನಿಮಗೆ ಎಂದರೆ
ಗಂಡಸರ ಮುಖ ಸಣ್ಣಗಾಗುತ್ತದೆ.
ಟ್ರ್ಯಾಕ್ಟರಿಗೆ ಹೂಡುವಂಥದ್ದೇ ಬೇಕು,
ಶನಿವಾರದ ಸೌನಾಗೆ ಎರಡು ಬುಟ್ಟಿ
ಸೌದೆ ಸುಡುವವರಿಗೂ.

ಮಾರ್ಚ್ ಕೊನೆಗೆ ತೌನೋ ಬಂದ,
ಪಕ್ಕದ ಮನೆ ಹುಡುಗನ ಟ್ರೇಲರಿನಲ್ಲಿ ಯಂತ್ರ ಹೇರಿಕೊಂಡು.
ಹೊಟ್ಟೆಯಡಿಯಿಂದ ಎಣ್ಣೆ ತೊಟ್ಟಿಕ್ಕಿ
ದಾರಿಯ ಹಿಮದ ಮೇಲೆಲ್ಲ
ಅವನ ಮನೆಯಿಂದ ನನ್ನ ಮನೆಗೆ ಚುಕ್ಕಿಸಾಲು.
"ತಳ್ಳುತ್ತದೆ, ಅರ್ಧಕ್ಕೆ ನಿಲ್ಲುತ್ತದೆ," ಎಂದ.
"ವಯಸ್ಸು."
ಬಲಗೈ ಜೇಬಿನಲ್ಲಿತ್ತು. ಹೊರಗೆ ಬರಲಿಲ್ಲ.

ಬಿಚ್ಚಿದೆ.
ಎಣ್ಣೆಗೆ ನೀರು ಸೇರಿ ಹಾಲಾಗಿತ್ತು.
ಸಿಲಿಂಡರಿನ ಸೀಲು ಬೆರಳಲ್ಲೇ ಪುಡಿಯಾಯಿತು.
ಪಿಸ್ಟನ್ ದಂಡದ ಮೇಲೊಂದು ಗೀರು,
ಕಣ್ಣಿಗಲ್ಲ, ಉಗುರಿಗೆ ಸಿಗುವಷ್ಟು.
ಅಷ್ಟು ಸಾಕು, ಹತ್ತು ಟನ್ನಿನ ಸೊಕ್ಕು ಸೋರಿಹೋಗಲು.
ಬೆಣೆಯ ಬಾಯಿ ಮೊಂಡು; ಯಾವುದೋ ದಿಮ್ಮಿಯೊಳಗೆ
ಮೊಳೆ ಕಚ್ಚಿರಬೇಕು.
ಉಜ್ಜಿದೆ, ಮಸೆದೆ, ಕಯಾನಿಯಿಂದ ಸೀಲು ತರಿಸಿದೆ.
ಒಂಬತ್ತು ಯೂರೋ.
ಹೊಸದು ಕೊಂಡಿದ್ದರೆ ಸಾವಿರದ ಇನ್ನೂರು.

ಆಮೇಲೆ ಕಂಡಿತು ತಂತಿ.

ಈ ಯಂತ್ರಕ್ಕೆ ಎರಡು ಹಿಡಿ.
ಎರಡನ್ನೂ ಒತ್ತಿದರೆ ನಡೆಯುತ್ತದೆ,
ಒಂದು ಬಿಟ್ಟರೂ ನಿಲ್ಲುತ್ತದೆ.
ಮಾಡಿದವನ ಲೆಕ್ಕ ಸರಳ:
ಕೈಯೆರಡೂ ಹಿಡಿಯ ಮೇಲಿದ್ದರೆ
ಬೆಣೆಯ ಕೆಳಗೆ ಯಾವುದೂ ಇರುವುದಿಲ್ಲ.
ಬಲಹಿಡಿಯನ್ನು ಯಾರೋ ಬೇಲಿತಂತಿಯಲ್ಲಿ ಬಿಗಿದಿದ್ದರು.
ಹೊಸ ತಂತಿ. ಒಂದೇ ಕೈ ಹಾಕಿದ ಗಂಟು,
ಸೊಟ್ಟ, ಸಡಿಲ, ನಾಲ್ಕೈದು ಸಲ ಸುತ್ತಿದ್ದು.
ಕತ್ತರಿಸಿದೆ. ಕೇಳದೆ ಕತ್ತರಿಸಿದೆ.

ಒಯ್ಯಲು ಬಂದವನು ಹಿಡಿಯನ್ನೇ ನೋಡಿದ.
"ಅಲ್ಲೊಂದು ತಂತಿ ಇತ್ತು."
"ಇತ್ತು."
"ಅಕ್ಟೋಬರಿನಿಂದ ಈ ಕೈ ನನ್ನ ಮಾತು ಕೇಳುತ್ತಿಲ್ಲ."
"ಅದಕ್ಕೇ," ಎಂದೆ.
ನಮ್ಮಪ್ಪನ ಎಡಗೈಯಲ್ಲಿ ಮೂರೇ ಬೆರಳಿದ್ದದ್ದು
ಹೇಳಬೇಕೆಂದಿದ್ದೆ.
ಹೇಳಿದ್ದು ಬೇರೆ: ಸೀಳಿದ ಸೌದೆ ಪೇಟೆಯಲ್ಲಿ ಸಿಗುತ್ತದಲ್ಲ,
ಚೀಲದಲ್ಲಿ.
ಆಡಬಾರದ ಮಾತು.
ನೋಟುಗಳನ್ನು ಎಡಗೈಯಲ್ಲಿ ಒಂದೊಂದಾಗಿ
ಬೆಂಚಿನ ಮೇಲಿಟ್ಟ. ಚಿಲ್ಲರೆಗೆ ನಿಲ್ಲಲಿಲ್ಲ.

ಮತ್ತೆ ತಂತಿ ಬಿಗಿದಿರುತ್ತಾನೆ, ಅಂದುಕೊಂಡೆ.
ಏಪ್ರಿಲ್ ಪೂರ್ತಿ, ಆಂಬುಲೆನ್ಸ್ ಸದ್ದಾದರೆ ಸಾಕು
ಸ್ಪ್ಯಾನರ್ ಕೆಳಗಿಡುತ್ತಿದ್ದೆ.

ಮೇ ತಿಂಗಳು. ಸರೋವರದ ಮಂಜುಗಡ್ಡೆ
ದಡವನ್ನು ಬಿಟ್ಟು ಒಂದು ಮಾರು ಸರಿದಿತ್ತು.
ಅವನ ಬೇಲಿಯ ಬಳಿ ಸೈಕಲ್ ನಿಲ್ಲಿಸಿದೆ.
ಮೋಟಾರಿನ ಗುಂಯ್‌ಗುಡಿತ, ಅದರ ಮೇಲೊಂದು ಜಗಳ.
ಎಡಹಿಡಿಗೆ ತೌನೋ.
ಬಲಹಿಡಿಗೆ ಲೆಂಪಿ, ತಲೆಗೆ ಅವನದೇ ಉಣ್ಣೆ ಟೋಪಿ.
"ಓರೆ ಇಟ್ಟಿದ್ದೀಯ."
"ನಿನ್ನ ಕಣ್ಣು ಓರೆ."
"ಈಗ ಒತ್ತು. ಈಗ ಅಂದರೆ ಈಗ!"
ಅವಳು ಕೈ ಬಿಟ್ಟಳು, ಬೇಕೆಂದೇ.
ಬೆಣೆ ಮರದ ಅರ್ಧದಲ್ಲಿ ನಿಂತಿತು.
ಅವನು ಆಕಾಶ ನೋಡಿದ. ಅವಳು ಮೂಗು ಒರೆಸಿಕೊಂಡಳು.
ನಲವತ್ತೊಂಬತ್ತು ವರ್ಷದ ಸಂಸಾರದಲ್ಲಿ
ಹೀಗೆ ಎಷ್ಟು ಸಲ ನಿಂತಿತ್ತೋ.
ಯಾರೂ ಏನೂ ಅನ್ನಲಿಲ್ಲ.
ಅವಳ ಕೈ ಹಿಡಿಗೆ ಮರಳಿತು.
ಚಟ್ಟೆಂದು ಬಿರಿದ ಬರ್ಚ್,
ಒಳಗೆಲ್ಲ ಹಸಿ ಬಿಳುಪು.

ಯಂತ್ರದ ಬಳಿ ಒಬ್ಬರೇ ಇರತಕ್ಕದ್ದು,
ಎಂದು ಅದರ ಮೈಮೇಲೆ ಹಳದಿ ಚೀಟಿಯಿದೆ.
ಮಸಿ ಒರೆಸಿ, ಓದಲು ಬರುವಂತೆ ಮಾಡಿದವಳು ನಾನೇ.
ಗಂಟೆ ಬಾರಿಸಲಿಲ್ಲ, ಕೂಗಲಿಲ್ಲ.
ಕತ್ತು ಚಾಚಿ ಒಂದನ್ನಷ್ಟೇ ನೋಡಿದೆ:
ಸಿಲಿಂಡರಿನ ಕೆಳಗೆ
ಮರದ ಹೊಟ್ಟು ಒಣಗಿತ್ತು, ಒಂದು ತೊಟ್ಟೂ ಇರಲಿಲ್ಲ.