ಹಿತ್ತಲಿಗೆ ಒಂದು

ಇನ್ನೂರೈವತ್ತು ಫಲಕ, ಐನೂರು ತಂತಿಗಾಲು,
ಒಂದು ಮರದ ಸುತ್ತಿಗೆ. ಎಲ್ಲವೂ ನನ್ನ ಪಿಕಪ್ಪಿನ ಬೆನ್ನಮೇಲೆ.
ಮೂವತ್ತೊಂದು ವರ್ಷ ಇದೇ ಬೀದಿಗಳಲ್ಲಿ ಟಪಾಲು ಹಂಚಿದವನು,
ಯಾವ ನಾಯಿ ಕಚ್ಚುತ್ತದೆ, ಯಾವುದು ಬರೀ ಬೊಗಳುತ್ತದೆ
ಬಲ್ಲವನು ಎಂದೇ
ಐಲೀ ಲಾಕ್ಸೊನೆನ್ ನನ್ನನ್ನು ಕರೆದದ್ದು.

ಅವಳು ನಿಂತದ್ದು ಕೌಂಟಿಯ ಚರಂಡಿ ಕಮಿಷನರ್ ಹುದ್ದೆಗೆ.
ನಗಬೇಡಿ.
ಏಪ್ರಿಲ್‌ನಲ್ಲಿ ಹಿಮ ಕರಗಿ ನೆಲಮಾಳಿಗೆಗೆ ನುಗ್ಗಿ
ವಾಷಿಂಗ್ ಮಶೀನು ತೇಲುವಾಗ
ದೇಶದ ಅಧ್ಯಕ್ಷರಿಗೆ ಫೋನು ಮಾಡುತ್ತೀರಾ?

ಎದುರಾಳಿ ಕ್ಲೈಡ್ ಟ್ರೆಮೇನ್, ಹದಿನಾರು ವರ್ಷದ ಹಳೆಯ ಹುಲಿ.
ಅವನದು ಕೆಂಪು ಫಲಕ, ನಮ್ಮದು ಹಸಿರು.
ಎರಡನ್ನೂ ಅಚ್ಚು ಹಾಕಿದವನು ಒಬ್ಬನೇ,
ಇಬ್ಬರಿಗೂ ಗೆಲುವು ಹಾರೈಸಿ ಮುಂಗಡ ಎಣಿಸಿಕೊಂಡ.

ಹುಲ್ಲುಹಾಸು ಸುಳ್ಳು ಹೇಳುವುದಿಲ್ಲವಂತೆ.
ಹೇಳುತ್ತದೆ. ಫೆರಿ ಬೀದಿಯ ಮೂಲೆಮನೆಯ ಪೆರ್ರೋ
ಕೆಂಪು ಫಲಕದ ಪಕ್ಕದಲ್ಲೇ ನಿಂತು ಹೇಳಿದ:
"ಹೋದ ಜನವರಿ ಸೊಂಟ ಮುರಕೊಂಡು ಬಿದ್ದಿದ್ದಾಗ
ಕರೆಯದೇ ಬಂದು ಹಿಮ ಗೋರಿ ಹೋದ ಕ್ಲೈಡ್.
ಅಂಗಳ ಅವನ ಋಣದ್ದು. ಓಟು ನನ್ನದು."

ಗುಂಡ್ರಿಯವರ ಮನೆಗೆ ಹಸಿರು ಬಂದದ್ದು
ಪಕ್ಕದವರ ಮನೆಗೆ ಕೆಂಪು ಬಂದ ಮಧ್ಯಾಹ್ನವೇ.
ಹಳೆಯ ಬೇಲಿ ಜಗಳಕ್ಕೆ ಬಣ್ಣ ಬಂತು, ಅಷ್ಟೆ.
ಮೊಳೆ ಅಂಗಡಿಯವನು ಎರಡನ್ನೂ ನೆಟ್ಟ,
ಎರಡರ ನಡುವೆ ಬಾಗಿಲು ತೆರೆದಿಟ್ಟ.

ಕಾರ್ಯಕರ್ತರ ಪಟ್ಟಿಯಲ್ಲಿ ಹದಿನೇಳು ಹೆಸರು.
ಬಂದವರು ನಾಲ್ವರು: ನಾನು,
ಬನ್ನು ಬೇಯಿಸಿ ತರುವ ಐಲೀಯ ನಾದಿನಿ,
ಶಾಲಾ ಮಂಡಳಿಗೆ ಎರಡು ಸಲ ನಿಂತು ಸೋತು
ಈಗ ಯಾರ ಹೊಸ್ತಿಲಲ್ಲಾದರೂ ಮಾತಾಡಬೇಕೆನ್ನುವ ಡೂಯಿ,
ಮತ್ತೆ ಹದಿನಾರರ ಜೂನಿಯಾ.
ಶಾಲೆಗೆ ಇಪ್ಪತ್ತು ಗಂಟೆಯ ಸೇವೆ ತೋರಿಸಬೇಕಿತ್ತು ಅವಳಿಗೆ.
ಇಪ್ಪತ್ತಾದ ದಿನ ಕಾಗದಕ್ಕೆ ಸಹಿ ಹಾಕಿ ಕೊಟ್ಟೆ.
ಮಡಚಿ ಜೇಬಿಗಿಟ್ಟುಕೊಂಡಳು. ಗಾಡಿ ಇಳಿಯಲಿಲ್ಲ.
"ಮೇಪಲ್ ಬೀದಿ ಇನ್ನೂ ಬಾಕಿ ಇದೆಯಲ್ಲ," ಅಂದಳು.

ಕ್ವಾರಿ ರಸ್ತೆಗೆ ಹೋಗುವುದೇ ದಂಡ ಎಂದಿದ್ದ ಡೂಯಿ.
ಎಲ್ಲ ಕೆಂಪು. ವೆಸ್ಟರಿನೆನ್ ಮನೆಯ ಮುಂದೆ ಐದು,
ಒಂದರ ಪಕ್ಕ ಒಂದು, ಹಲ್ಲಿನ ಸಾಲಿನ ಹಾಗೆ.
ಗಾಡಿ ತಿರುಗಿಸುತ್ತಿದ್ದೆ. ಪಕ್ಕದ ಬಾಗಿಲಿಂದ ಲೋರ್ನಾ
ಒದ್ದೆ ಕೈಯಲ್ಲಿ ಸನ್ನೆ ಮಾಡಿದಳು.

"ಒಂದು ಕೊಡಿ. ಹಿತ್ತಲಿಗೆ."
"ಬೀದಿಗೆ ಕಾಣಲ್ಲವಲ್ಲ?"
"ಪಾತ್ರೆ ತೊಳೆಯುವಾಗ ನನಗೆ ಕಾಣತ್ತೆ."
"ಯಜಮಾನರು?"
"ಅವರು ಹಿತ್ತಲಿಗೆ ಬಂದು ಒಂಬತ್ತು ವರ್ಷ ಆಯಿತು."

ಬಟ್ಟೆ ಒಣಹಾಕುವ ಹಗ್ಗದ ಕೆಳಗೆ,
ಅಡುಗೆಮನೆ ಕಿಟಕಿಗೆ ಮುಖ ಮಾಡಿ ನೆಟ್ಟೆ.
ಸುತ್ತಿಗೆ ಬಳಸಲಿಲ್ಲ, ಬೂಟಿನ ಹಿಮ್ಮಡಿಯಿಂದ ಮೆಲ್ಲಗೆ ಒತ್ತಿದೆ.
ಲೆಕ್ಕದ ಪುಸ್ತಕದಲ್ಲಿ ಆ ರಸ್ತೆಯ ಮುಂದೆ
ಸೊನ್ನೆ ಬರೆದೆ.

ಹತ್ತೊಂಬತ್ತು ಓಟಿನಿಂದ ಸೋತೆವು.
ಐಲೀ ಅಳಲಿಲ್ಲ, ಉಳಿದ ಬನ್ನುಗಳನ್ನು ಕಟ್ಟಿಕೊಟ್ಟಳು.
ಒಂದೂ ಹಸಿರು ಫಲಕವಿರದ ಕ್ವಾರಿ ರಸ್ತೆಯ ಪೆಟ್ಟಿಗೆಯಲ್ಲಿ
ನಮಗೆ ಅರವತ್ತೆರಡು.

ಹತ್ತು ದಿನದೊಳಗೆ ಕಿತ್ತು ತೆಗೆಯಬೇಕೆಂಬುದು ನಿಯಮ.
ನೆಲ ಆಗಲೇ ಹೆಪ್ಪುಗಟ್ಟಿತ್ತು. ಎಳೆದರೆ
ಕಾಲು ಒಳಗೇ ಉಳಿದು ತಲೆ ಮಾತ್ರ ಕೈಗೆ.
ಫೆರಿ ಬೀದಿಯಲ್ಲಿ ಕ್ಲೈಡ್ ಸಿಕ್ಕ,
ಗೆದ್ದವನು, ಒಬ್ಬನೇ,
ಬಗಲಲ್ಲಿ ತನ್ನದೇ ಹೆಸರಿನ ಹೊರೆ.
ನನ್ನ ಗಾಡಿಯ ಹಿಂಬಾಗಿಲು ಹಿಡಿದುಕೊಂಡ.
ಸ್ವಲ್ಪ ಹೊತ್ತಿನ ಮೇಲೆ ಕೇಳಿದ,
"ಕ್ವಾರಿ ರಸ್ತೇಲಿ ಏನಾಯ್ತು, ಆರ್ವಿಡ್?"
"ನೀರು ಎಲ್ಲಿಂದ ಒಸರತ್ತೆ ಅಂತ
ಚರಂಡಿ ಕಮಿಷನರಿಗೆ ಗೊತ್ತಿರಬೇಕಪ್ಪ," ಅಂದೆ.
ನಕ್ಕ. ಅರ್ಧಕ್ಕೇ ನಿಲ್ಲಿಸಿದ.

ಸಂಜೆ ಐಲೀಯ ಗ್ಯಾರೇಜಿನಲ್ಲಿ ಎಣಿಸಿದೆವು.
ಮುರಿದದ್ದು, ಕಳುವಾದದ್ದು ಎಲ್ಲ ಸೇರಿಸಿದರೂ
ಇನ್ನೂರ ನಲವತ್ತೊಂಬತ್ತು.
"ಒಂದು ಎಲ್ಲಿ ಹೋಯ್ತು?"
ಗಾಳಿಗೆ ಹಾರಿರಬೇಕು ಎಂದೆ.