ಎಣಿಸುವವನ ಕುರ್ಚಿ

ರಸ್ತೆಗೆ ಹೆಸರಿಲ್ಲ, ಅಂಕೆಯಿದೆ: ಹದಿನಾಲ್ಕು ಇಪ್ಪತ್ತೇಳು.
ಮುಹರ್ರಕ್‌ನ ಹಳೇ ಬ್ಲಾಕು. ಎರಡು ಕಾರು ಎದುರಾದರೆ
ಒಂದು ಯಾರದೋ ಬಾಗಿಲಿಗೆ ಬೆನ್ನು ಹಚ್ಚಲೇಬೇಕು.
ಅಲ್ಲೊಂದು ಪ್ಲಾಸ್ಟಿಕ್ ಕುರ್ಚಿ, ಕುರ್ಚಿಯಲ್ಲಿ ನಾನು,
ಹೆಬ್ಬೆರಳಡಿ ಒಂದು ಕ್ಲಿಕ್ಕರು,
ಬಲದಿಯಾದ ಗುತ್ತಿಗೆದಾರ ಸಹಿ ಹಾಕಿಸಿಕೊಂಡು ಕೊಟ್ಟದ್ದು.

ಬೆಳಿಗ್ಗೆ ಆರರಿಂದ ರಾತ್ರಿ ಹತ್ತು, ಏಳು ದಿನ,
ಹಾದುಹೋದ ಗಾಡಿ ಎಣಿಸಬೇಕು.
ಒಂದು ದಿನವಾದರೂ ಆರುನೂರು ದಾಟಿದರೆ ಹಂಪು ಉಂಟು,
ಇಲ್ಲವಾದರೆ ಅರ್ಜಿ ಕಡತಕ್ಕೆ, ಕಡತ ಕಪಾಟಿಗೆ.
ಗಂಗೊಳ್ಳಿ ಧಕ್ಕೆಯಲ್ಲಿ ಬಂಗುಡೆ ಬುಟ್ಟಿ ಎಣಿಸಿದ ಬೆರಳು ಇದು.
ಬುಟ್ಟಿಯೋ ಟೊಯೋಟವೋ, ಅದಕ್ಕೆ ಭೇದವಿಲ್ಲ.

ಅರ್ಜಿ ಐವತ್ತೆರಡನೇ ಮನೆಯ ಉಮ್ ಇಸಾಳದ್ದು.
ಮೊಮ್ಮಗಳು ದಾನಾ, ಆರು ವರ್ಷ, ಚೆಂಡಿನ ಹಿಂದೆ ಓಡಿದಳಂತೆ;
ನೀರಿನ ಟ್ಯಾಂಕರು ಬಂದು ನಿಂತದ್ದು ಅವಳ ಚಪ್ಪಲಿಯ ಮೇಲೆ.
ಕಾಲು ಆಗಲೇ ಈಚೆ ಬಂದಿತ್ತು.
ಅರ್ಜಿಯ ಜೊತೆ ಆ ಚಪ್ಪಲಿಯನ್ನೂ ಒಯ್ದಿದ್ದಳು ಮುದುಕಿ.
"ಇದಕ್ಕೆ ಕಾಲಮ್ಮಿಲ್ಲ ತಾಯಿ" ಎಂದು
ಕೌಂಟರಿನ ಹುಡುಗ ಚೀಲಕ್ಕೇ ಮರಳಿ ಹಾಕಿಕೊಟ್ಟ.

ಮೊದಲ ದಿನ ನಾನೂರ ಹನ್ನೊಂದು.
ಬೆಕ್ಕುಗಳನ್ನು ಎಣಿಸಲಿಲ್ಲ.
ಬಿಸಿ ಖುಬ್ಜ್ ಹೊತ್ತ ಸಿರಾಜುದ್ದೀನನ ಸೈಕಲ್ ಹತ್ತು ಸಲ ಬಂತು.
ಫೋನು ಮಾಡಿ ಕೇಳಿದೆ.
ಇಂಜಿನ್ ಉಂಟಾ? ಇಲ್ಲ ಸಾರ್.
ಹಾಗಾದರೆ ಅವನಿಲ್ಲ.
ಹತ್ತು ಸಲ ಇಲ್ಲದವನು ನನಗೊಂದು ರೊಟ್ಟಿ ಕೊಟ್ಟುಹೋದ.

ಎರಡನೇ ದಿನ ಇನ್ನೂ ಕಡಿಮೆ.
ಮೂರನೇ ದಿನ ಉಮ್ ಇಸಾ ಚಹಾ ತಂದಳು,
ನನ್ನ ಅಂಗೈ ಕಡೆಗೊಮ್ಮೆ ನೋಡಿದಳು, ಮಾತಿಲ್ಲದೆ ಒಳಗೆ ಹೋದಳು.

ಅಸರ್ ನಮಾಜು ಮುಗಿದದ್ದೇ
ಒಂದು ಬಿಳಿ ಪಿಕಪ್ಪು ಹೋಯಿತು. ಬಂತು. ಹೋಯಿತು.
ಅವಸರವಿಲ್ಲ, ಕಿಟಕಿಯಲ್ಲಿ ಇಸಾನ ಮೊಣಕೈ.
ಅದರ ಹಿಂದೆ ಕ್ಷೌರದಂಗಡಿಯವನ ಸನ್ನಿ,
ಅದರ ಹಿಂದೆ ಹಳೇ ಕರೋಲ, ತುಂಬ ಹೆಂಗಸರು, ನಗು.
ಬೀದಿ ತನಗೆ ತಾನೇ ಪ್ರದಕ್ಷಿಣೆ ಹಾಕಿಕೊಳ್ಳುತ್ತಿತ್ತು.
ನನಗೆ ಗೊತ್ತಾಗಲಿಲ್ಲ ಎಂದರೆ ಸುಳ್ಳು.
ಹಾದದ್ದನ್ನು ಎಣಿಸು ಎಂದಿದ್ದರು,
ಯಾಕೆ ಹಾಯಿತು ಎಂದು ಕೇಳು ಎಂದಿರಲಿಲ್ಲ.
ಆ ನಾಲ್ಕು ಸಂಜೆ ದಾನಾಗೆ ಹೊರಗೆ ಬಿಡುಗಡೆಯಿಲ್ಲ,
ಬೀದಿಯಲ್ಲಿ ಗಾಡಿ ಹೆಚ್ಚೆಂದು.
ಮಡಿಲಲ್ಲಿ ಚೆಂಡಿಟ್ಟುಕೊಂಡು ಜಾಲರಿಯ ಹಿಂದೆ ಕೂತಿದ್ದಳು.

ಏಳುನೂರ ಮೂರು.

ಕೌನ್ಸಿಲ್ಲು ಒಪ್ಪಿತು. ಎಂಟು ತಿಂಗಳಿಗೆ ಹಂಪು ಬಂತು,
ಹಳದಿ ಪಟ್ಟೆ ಬಳಿದುಕೊಂಡು, ಮದುವೆಗೆ ಹೊರಟಂತೆ.
ಬಂದದ್ದು ಮಾತ್ರ ತಿರುವಿನಾಚೆ, ಅರವತ್ತೇಳರ ಮುಂದೆ.
ಐವತ್ತೆರಡರ ಎದುರು ಚರಂಡಿಯ ಮುಚ್ಚಳವಿದೆಯಂತೆ, ನಕ್ಷೆಯಲ್ಲಿ.

ಅರವತ್ತೇಳರ ಹಾಜಿ ಮುಬಾರಕ್ ಮೂರು ವಾರ ತಡೆದುಕೊಂಡರು.
ನಸುಕಿನ ಮೂರಕ್ಕೆ ಮೀನಿನ ಪಿಕಪ್ಪುಗಳು ಅದರ ಮೇಲೆ ಹಾರುವಾಗ
ಅಲಮಾರಿಯ ಗ್ಲಾಸೆಲ್ಲ ಕಿಣಿಕಿಣಿ,
ಹೆಂಡತಿಗೆ ಎದೆಯಲ್ಲಿ ಮಿಷನ್ನು ಇಟ್ಟಿದ್ದಾರೆ.
ದಯವಿಟ್ಟು ಉಬ್ಬನ್ನು ತೆಗೆಯಿರಿ.
ಅರ್ಜಿ ಸ್ವೀಕೃತ.
ತೆಗೆಯುವುದಕ್ಕೂ ಮೊದಲು ಎಣಿಸಬೇಕು.

ಹೀಗೆ ಮತ್ತೆ ನಾನು. ಅದೇ ಕುರ್ಚಿ,
ಒಂದು ಕಾಲಿಗೆ ತಂತಿ ಸುತ್ತಿದೆ.
ಈಚೆ ಮನೆಯಿಂದ ಚಹಾ, ಆಚೆ ಮನೆಯಿಂದ ಖರ್ಜೂರ.
ಇಬ್ಬರೂ ಕೊಟ್ಟು ನನ್ನ ಅಂಗೈ ನೋಡುತ್ತಾರೆ.
ಯಾರ ಪರ ಎಣಿಸಲಿ?

ಐದನೇ ಸಂಜೆ ಚೆಂಡು ಉರುಳಿ ಬಂತು.
ದಾನಾಗೆ ಈಗ ಏಳು. ಗೋಡೆಯಂಚಿಗೆ ನಿಂತಳು,
ಎಡಕ್ಕೆ ನೋಡಿದಳು, ಬಲಕ್ಕೆ ನೋಡಿದಳು,
ಯಾರೋ ದೊಡ್ಡವರ ಹಾಗೆ ಲಂಗ ಹಿಡಿದು ದಾಟಿದಳು.
ನನ್ನನ್ನು ಕೇಳದೆಯೇ ಹೆಬ್ಬೆರಳು ಒತ್ತಿಬಿಟ್ಟಿತು. ಟಕ್.

ಈ ಯಂತ್ರಕ್ಕೆ ಕೂಡಲು ಬರುತ್ತದೆ, ಕಳೆಯಲು ಬಾರದು.
ಬರುವ ಒಂದು ಗಾಡಿಯನ್ನು ಬಿಟ್ಟರೆ ಲೆಕ್ಕ ಸರಿಹೋದೀತು
ಅಂದುಕೊಳ್ಳುವಷ್ಟರಲ್ಲಿ
ತಿರುವಿನಲ್ಲಿ ಹಾರನ್ನು.
ನೀರಿನ ಟ್ಯಾಂಕರು.